ಕವಾಟದ ಕೆಳಗಿನ ಏಣು

ಚನ್ನಪಟ್ಟಣದ ಫಿರೋಜಾ ಮಾಡಿದ ಗೊಂಬೆಯನ್ನ ಮೂವತ್ತು ವರ್ಷದಲ್ಲಿ ಒಬ್ಬರೂ ವಾಪಸ್ ತಂದವರಿಲ್ಲ. ಮಕ್ಕಳು ಬಾಯಿಗಿಡೋ ಸಾಮಾನು, ಒಂದು ಸಿಬಿರು ಉಳಿದರೂ ಪಾಪ ನಿನ್ನದೇ ಅಂತ ಅವಳಪ್ಪ ತಲೆಗೆ ಮೊಟಕಿ ಕಲಿಸಿದ್ದ. ಹಾಗಾಗಿ ಕಣ್ಣಿಗಿಂತ ಮೊದಲು ಅವಳ ಬೆರಳು ನೋಡುತ್ತಿತ್ತು. ಆ ಹೆಸರೊಂದೇ ಅವಳ ಆಸ್ತಿ, ಮಿಕ್ಕಿದ್ದೆಲ್ಲ ಬಾಡಿಗೆಯದು.

ಹೆಸರು ಕೇಳಿಯೇ ಹಾರೋಹಳ್ಳಿಯ ಕಂಪನಿಯವರು ಕರೆದದ್ದು. ಅಲ್ಲಿ ಹೃದಯ ಅಚ್ಚು ಹಾಕುತ್ತಾರೆ. ನಗಬೇಡಿ, ನಿಜ. ಕಾಯಿಲೆಯ ಮಕ್ಕಳ ಸ್ಕ್ಯಾನ್ ನೋಡಿಕೊಂಡು ಮೆಷಿನ್ನು ರಬ್ಬರಿನಂಥ ಸಾಮಾನಿನಲ್ಲಿ ಅದೇ ಅಳತೆಯ ಹೃದಯ ಕಟ್ಟುತ್ತದೆ. ಆಪರೇಷನ್ ಕಲಿಯೋ ಎಳೆ ಡಾಕ್ಟರುಗಳು ಬದುಕಿರೋರ ಎದೆಗೆ ಕೈ ಹಾಕೋ ಮೊದಲು ಅದನ್ನ ಕೊಯ್ದು ಹೊಲಿದು ಪಳಗುತ್ತಾರೆ. ಅಚ್ಚು ನಿಲ್ಲಲಿ ಅಂತ ಮೆಷಿನ್ನು ಕೊಟ್ಟ ಆಸರೆ ಚೂರುಗಳನ್ನ ಕೆರೆದು ತೆಗೆಯೋದು ಫಿರೋಜಾಳ ಕೆಲಸ. ಅಕ್ಕನ ಮಗಳು ಜಹೀದಾಳನ್ನೂ ತಾನೇ ಹೇಳಿ ಸೇರಿಸಿದ್ದಳು. ತಾಯಿಯಿಲ್ಲದ ಹುಡುಗಿ, ಚಿಕ್ಕಮ್ಮನನ್ನ ಖಾಲಾ ಅಂತ ಕರೆದು ಅವಳ ಕೈತುತ್ತಲ್ಲೇ ಬೆಳೆದದ್ದು. ಇಬ್ಬರಿಗೂ ಒಂದೇ ಮೇಜು.

ಆವತ್ತು ಒಂದು ಹೃದಯದೊಳಗೆ ಬೆರಳಿಟ್ಟರೆ ಕವಾಟದ ಕೆಳಗೆ ಏನೋ ತಡೆಯಿತು. ಸಣ್ಣ ಏಣು, ಉಗುರಿನಷ್ಟು. ಗೊಂಬೆ ಉಜ್ಜಿದ ಬೆರಳು, ಸಹಿಸುತ್ತದೆಯೇ? ಆದರೂ ಸೂಪರ್‌ವೈಸರ್ ಮಹೇಂದ್ರನನ್ನ ಕರೆದು, ಇದು ಇರಬೇಕಾ ತೆಗೀಬೇಕಾ ಅಂತ ಕೇಳಿದಳು. ಅವನು ಫೋನಿನಿಂದ ತಲೆ ಎತ್ತಿದ್ದರೆ ತಾನೆ!

"ಮೆಷಿನ್ನಿನ ಗಂಟು ಕಣಕ್ಕ, ಉಜ್ಜಿಬುಡು. ಗಾಡಿ ನಿಂತೈತೆ," ಅಂದ.

ಉಜ್ಜಿದಳು. ಒಳಗೆಲ್ಲ ಬುಗುರಿಯ ಮೈಯಷ್ಟು ನುಣುಪಾಯಿತು.

ನಾಲ್ಕು ದಿನಕ್ಕೆ ಪಾಠ ಮಾಡೋ ದೊಡ್ಡ ಡಾಕ್ಟರೇ ಆ ಹೃದಯ ಹಿಡಿದು ಬಂದರು. ಆ ಏಣೇ ಕಾಯಿಲೆಯಂತೆ! ರಕ್ತದ ದಾರಿಗೆ ಅಡ್ಡ ನಿಂತ ಅದನ್ನ ಹುಡುಕಿ ಕತ್ತರಿಸೋದೇ ಪರೀಕ್ಷೆಯಂತೆ. ಆರು ಜನ ಹುಡುಕಿ ಸುಸ್ತಾದರು, ಒಬ್ಬನಂತೂ ಇದೇ ಇರಬೇಕು ಅಂತ ಚೆನ್ನಾಗಿದ್ದ ಗೋಡೆಯನ್ನೇ ಕೊಯ್ದ, ನಾಳೆ ಮಗುವಿನ ಎದೆಯಲ್ಲೂ ಹಾಗೇ ಮಾಡಿದರೆ ಗತಿಯೇನು ಅಂದರು. ತೆಗೆದದ್ದು ಯಾರು ಅಂತ ಕೇಳಿದರು.

ಮಹೇಂದ್ರ ಒಂದು ಗಳಿಗೆಯೂ ತಡವರಿಸಲಿಲ್ಲ. ಮುಟ್ಟಬೇಡ ಅಂತ ಬಡ್ಕೊಂಡೆ, ಗೊಂಬೆ ಮಾಡೋರ ಕೈ ಸುಮ್ಕಿರಲ್ಲ ಅಂದುಬಿಟ್ಟ. ಫಿರೋಜಾಳಿಗೆ ಮೈಯೆಲ್ಲ ಉರಿಯಿತು, ಆದರೆ ಹೆದರಿಕೆಯಾಗಲಿಲ್ಲ. ಮೊಳದ ದೂರದಲ್ಲಿ ಕೂತು ಎಲ್ಲ ಕೇಳಿದ ಜಹೀದಾ ಇದ್ದಳಲ್ಲ. ಅವಳನ್ನೇ ಕೇಳಿ ಅಂದಳು.

ಜಹೀದಾ ಕೈಯಲ್ಲಿದ್ದ ಉಜ್ಜೋ ಉಪ್ಪುಕಾಗದವನ್ನ ಮಡಚಿ, ಮತ್ತೆ ಮಡಚಿದಳು.

"ನನಗೆ ಏನೂ ಕೇಳಿಸಲಿಲ್ಲ ಸಾರ್."

ಗೋಡೆಗೂ ಕಿವಿ ಇರುತ್ತದೆ ಅಂತಾರೆ. ಮಹೇಂದ್ರ ಹೊರಗಿನವನು, ಹಾಳಾಗಿ ಹೋಗಲಿ. ಇವಳು? ಹುಡುಗಿ ಮುಖ ಎತ್ತುತ್ತಾಳೇನೋ ಅಂತ ಫಿರೋಜಾ ಕಾದಳು. ಎತ್ತಲಿಲ್ಲ. ಕೆಲಸ ಅಲ್ಲಿಗೆ ಮುಗಿಯಿತು, ಫಿರೋಜಾ ಟಿಫನ್ ಡಬ್ಬಿ ತಗೊಂಡು ಬಸ್ ಸ್ಟಾಂಡಿಗೆ ನಡೆದಳು. ಸಂಜೆಯೊಳಗೆ ಅವಳ ಸಾಮಾನು ವಾಪಸ್ ಬಂತಂತೆ ಅನ್ನೋ ಮಾತು ಬೀದಿಯೆಲ್ಲ ಓಡಾಡಿತು. ಮುಂದಿನ ವಾರ ಮೇಜಿಗೆ ಜಹೀದಾಳೇ ಯಜಮಾನಿಯಾದಳು.

ಇಪ್ಪತ್ತು ದಿನವಾಗಿತ್ತು. ಭಾನುವಾರ ಬೆಳಿಗ್ಗೆ ದುಪ್ಪಟ್ಟದಲ್ಲಿ ಹೃದಯ ಸುತ್ತಿಕೊಂಡು ಜಹೀದಾ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಏನೋ ತಡೆಯುತ್ತದೆ, ಮಹೇಂದ್ರ ಉಜ್ಜು ಅಂತಾನೆ, ಭಯವಾಗುತ್ತದೆ ಖಾಲಾ, ಒಸಿ ನೋಡು ಅಂತ ಗೋಗರೆದಳು.

ಮುಖದ ಮೇಲೇ ಬಾಗಿಲು ಹಾಕೋಣ ಅನಿಸಿತು ಫಿರೋಜಾಳಿಗೆ. ಆದರೆ ಯಾವ ಮಗುವಿನ ಎದೆಯೋ, ಅದೇನು ಪಾಪ ಮಾಡಿತ್ತು? ಕಣ್ಣು ಮುಚ್ಚಿ ಬೆರಳಿಟ್ಟಳು. ಆಸರೆ ಚೂರಾದರೆ ಬುಡದಲ್ಲಿ ಒರಟು ಇರುತ್ತದೆ. ಇದು ಗೋಡೆಯಿಂದಲೇ ಬೆಳೆದುಬಂದಿತ್ತು. ಇಪ್ಪತ್ತು ದಿನ ಅದೊಂದನ್ನೇ ನೆನೆದವಳ ಬೆರಳಿಗೆ ಈ ಸಲ ಗೊತ್ತಾಯಿತು.

"ಉಜ್ಜಬೇಡ. ಡಾಕ್ಟರಿಗೇ ಫೋನ್ ಮಾಡಿ ಕೇಳು."

ಜಹೀದಾ ನಿಟ್ಟುಸಿರು ಬಿಟ್ಟು ಹೃದಯವನ್ನ ಸುತ್ತಿಕೊಂಡಳು. ಮೆಟ್ಟಿಲಿಳಿದವಳು ತಿರುಗಿ ನಿಂತಾಗ, ಈಗಲಾದರೂ ತಪ್ಪಾಯ್ತು ಅಂತಾಳೆ, ನಿಜ ಹೇಳಿಬರ್ತೀನಿ ಅಂತಾಳೆ ಅಂತ ಫಿರೋಜಾಳ ಜೀವ ಆಸೆಪಟ್ಟಿತು.

"ಖಾಲಾ, ಯಾರಾದರೂ ಕೇಳಿದರೆ ನಿನ್ನ ಹೆಸರು ಹೇಳಲ್ಲ. ಬೇಜಾರಿಲ್ಲ ತಾನೆ?"

"ಹೇಳಬೇಡ," ಅಂದಳು ಫಿರೋಜಾ. "ನಾನು ಹೇಳಿದ್ದು ನಿನಗೆ ಏನೂ ಕೇಳಿಸಲಿಲ್ಲ."

ಒಳಗೆ ಹೋಗಿ ಚಿಲಕ ಹಾಕಿಕೊಂಡಳು.