ಮುಂದಕ್ಕೆ ಬಾಗಿದ ಸ್ಟೂಲು

ಹೇಳಿಬಿಡಬೇಕೇ? ಹೇಳುವುದಾದರೆ ಮೊದಲು ಯಾರಿಗೆ? ರಾಜೀವಿಯಕ್ಕನಿಗೆ ಹೇಳಿದರೆ ಇಷ್ಟು ವರ್ಷಗಳ ಹೆಮ್ಮೆಯ ಮೇಲೆ ತಣ್ಣೀರು ಸುರಿದಂತೆ. ದೆಹಲಿಯಿಂದ ಬರುತ್ತಿರುವ ನಿಶಾ ಮೇಡಂಗೆ ಹೇಳಿದರೆ ಸ್ಟೂಲು ಲೆಕ್ಕಕ್ಕೇ ಇಲ್ಲ. ಯಾರಿಗೂ ಹೇಳದಿದ್ದರೆ? ಮಾತಾಡಲು ಹೆದರಿಕೆಯಾದಾಗಲೆಲ್ಲ ಮನೀಶ್‌ಗೆ ಮೌನ ಒಂದು ದೊಡ್ಡ ಸದ್ಗುಣದಂತೆ ಕಾಣುತ್ತಿತ್ತು. ಅದು ಸದ್ಗುಣವೋ ಪುಕ್ಕಲುತನವೋ ಎಂದು ಜೋಗೇಶ್ವರಿಯಿಂದ ಮುಂಬೈಯ ಲೋಕಲ್ ರೈಲಿನಲ್ಲಿ ನೇತಾಡುತ್ತಲೇ ಯೋಚಿಸಿದ. ಮಲಾಡ್ ಬಂದಾಗಲೂ ತೀರ್ಮಾನವಾಗಿರಲಿಲ್ಲ. ಹಿಂದಿದ್ದವರು ತಳ್ಳಿದ್ದರಿಂದ ಇಳಿದ.

ಒಳ್ಳೆಯ ವಿನ್ಯಾಸಕ್ಕೆ ಕೇಂದ್ರ ಸರ್ಕಾರ ಕೊಡುವ ಪ್ರಶಸ್ತಿಗೆ ಸುವರ್ಣ ಮಹೋತ್ಸವದ ವರ್ಷ. ಅದರ ಇತಿಹಾಸವನ್ನು ಪುಸ್ತಕವಾಗಿ ಬರೆಯುವ ಕೆಲಸ ಮನೀಶ್‌ಗೆ ಸಿಕ್ಕಿತ್ತು. ಡಿಸೈನ್ ಓದಿ ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ. ಇತಿಹಾಸ ಅಂಥ ರೋಮಾಂಚಕವಾಗೇನೂ ಇರಲಿಲ್ಲ. ಮೊದಲ ವರ್ಷ ಪ್ರಶಸ್ತಿ ಒಂದು ಕೈಪಂಪಿಗೆ ಹೋಗಿತ್ತು. ಮರುವರ್ಷ ಯಾರಿಗೂ ಕೊಟ್ಟಿರಲಿಲ್ಲ, ಏಕೆಂದರೆ ತೀರ್ಪುಗಾರರು ಸಭೆಯ ಕುರ್ಚಿಗಳಲ್ಲಿ ಕೂರಲಾಗದೆ ಅರ್ಧಕ್ಕೇ ಎದ್ದು ಹೋಗಿದ್ದರು. ಆಮೇಲೆ ಒಂದು ಟೇಬಲ್ ಫ್ಯಾನು, ಒಂದು ಅಂಚೆಡಬ್ಬಿ, ಮಕ್ಕಳು ತೆರೆಯಲಾಗದ ಔಷಧಿ ಬಾಟಲಿ. ಅದನ್ನು ದೊಡ್ಡವರಿಂದಲೂ ತೆರೆಯಲಾಗಲಿಲ್ಲ. ಮುಂದೊಂದು ವರ್ಷ, ಮಲಾಡ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಕಬ್ಬಿಣದ ಸ್ಟೂಲಿಗೆ. ವಿನ್ಯಾಸ ಮಾಡಿದವರು ಹೋಟೆಲಿನ ಮಾಲೀಕ ಶೇಖರ. ಅವರು ಈಗಿಲ್ಲ. ಗಲ್ಲಾದಲ್ಲಿ ಕೂರುವುದು ಹೆಂಡತಿ ರಾಜೀವಿಯಕ್ಕ.

ಆ ವರ್ಷದ ತೀರ್ಪುಗಾರರು ಬರೆದದ್ದನ್ನು ಮನೀಶ್ ಕಚೇರಿಯಲ್ಲಿ ಓದಿದ್ದ: ‘ಮುಂದಕ್ಕೆ ಬಾಗಿದ ಈ ಆಸನ ದಣಿದ ಬೆನ್ನಿಗೆ ತಾಯಿಯ ಕೈಯಿದ್ದಂತೆ. ಬಡವನೂ ಇಲ್ಲಿ ಬಹಳ ಹೊತ್ತು ನೆಮ್ಮದಿಯಿಂದ ಕೂರಬಹುದು.’

ಆದರೆ ರಾಜೀವಿಯಕ್ಕ ಹೋದ ವಾರ ಹೇಳಿದ್ದೇ ಬೇರೆ.

“ಜನ ಒಂದು ಚಾ ತಗೊಂಡು ಪೇಪರ್ ಪೂರಾ ಓದ್ತಿದ್ರು ಮಾರಾಯ. ಹೊರಗೆ ಗಿರಾಕಿ ನಿಂತು ನಿಂತು ವಾಪಸ್. ಇವರು ಎಂತ ಮಾಡಿದ್ರು, ಸ್ಟೂಲಿನ ಮುಂದಿನ ಕಾಲು ಎರಡು ಬೆರಳು ಕುಯ್ಸಿಬಿಟ್ರು. ತಿನ್ನುವಷ್ಟು ಹೊತ್ತು ಕೂತ್ಕೊಳ್ಬಹುದು, ಪಂಚಾತಿಗೆ ಮಾಡ್ಲಿಕ್ಕೆ ಕೂತ್ರೆ ಜಾರಿ ಕೆಳಗೆ! ಆ ಬುದ್ಧಿಗೇ ಗವರ್ಮೆಂಟ್ ಪ್ರಶಸ್ತಿ ಕೊಟ್ಟದ್ದು. ದಿಲ್ಲಿಯಲ್ಲಿ ಬುದ್ಧಿವಂತರು ಇದ್ದಾರೆ, ಸುಮ್ಮನೆ ಹೇಳಬಾರದು.”

ಪ್ರಶಸ್ತಿಯ ಕಾಯಂ ಪ್ರದರ್ಶನಕ್ಕೆ ಮುಂಬೈಯಿಂದ ಒಂದೇ ವಸ್ತು ಆರಿಸುವವರಿದ್ದರು. ಆರಿಸಲು ಬರುವವಳು ನಿಶಾ. ಕಾಂದಿವಲಿಯ ಕಾರ್ಖಾನೆಯೊಂದರ ಮಿಕ್ಸರ್, ಇಲ್ಲವೇ ಈ ಸ್ಟೂಲು. ಆರಿಸಿದರೆ ಕೆಳಗೆ ಹಿತ್ತಾಳೆಯ ಫಲಕ, ಅದರಲ್ಲಿ ಶೇಖರರ ಹೆಸರು.

“ಅರ್ಧ ಬಾಂಬೆ ಇದನ್ನು ಕಾಪಿ ಮಾಡಿತು, ಒಬ್ಬ ಇವರ ಹೆಸರು ಹೇಳುದಿಲ್ಲ,” ಎಂದಿದ್ದಳು ರಾಜೀವಿಯಕ್ಕ. “ಒಂದು ಕಡೆಯಾದ್ರೂ ಹೆಸರು ಇರ್ಲಿ.”

ನಿಶಾ ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಪ್ರತಿ ಟೇಬಲ್ಲಿನ ಹಿಂದೆಯೂ ಮುಂದಿನ ಗಿರಾಕಿ, ಕೂತವನ ತಟ್ಟೆಯನ್ನೇ ನೋಡುತ್ತ, ಚೀಲ ತಬ್ಬಿ ನಿಂತಿದ್ದ.

“ಆಪ್‌ಕೇ ಪತಿ ಥಕೇ ಹುಏ ಲೋಗೋಂ ಕೇ ಬಾರೇ ಮೇಂ ಸೋಚ್‌ತೇ ಥೇ ನಾ?” ಎಂದಳು ನಿಶಾ. ದಣಿದವರ ಬಗ್ಗೆ ಯೋಚಿಸುತ್ತಿದ್ದರಲ್ಲವೇ ನಿಮ್ಮ ಯಜಮಾನರು? ಹಳೆಯ ತೀರ್ಪನ್ನು ಅವಳು ಓದಿರಲಿಲ್ಲ, ಅದರ ಸುದ್ದಿಯಷ್ಟೇ ಕೇಳಿದ್ದಳು.

ಮನೀಶ್ ಗಲ್ಲಾದ ಹಿಂದಕ್ಕೆ ಸರಿದ.

“ಬಹುತ್! ನೀಂದ್ ನಹೀಂ ಆತೀ ಥೀ ಉನ್‌ಕೋ,” ಎಂದಳು ರಾಜೀವಿಯಕ್ಕ. “ಥಕಾ ಹುಆ ಆದ್ಮೀ ಏಕ್ ಬಾರ್ ಬೈಠಾ ತೋ ಉಠ್‌ತಾಚ್ ನಹೀಂ!”

ದಣಿದವನು ಒಮ್ಮೆ ಕೂತರೆ ಏಳುವುದೇ ಇಲ್ಲ, ಅದಕ್ಕೇ ಗಂಡನಿಗೆ ನಿದ್ದೆ ಬರುತ್ತಿರಲಿಲ್ಲ ಎಂಬುದು ಅವಳ ಹಳೆಯ ಸಂಕಟ. ನಿಶಾ ಅದನ್ನು ಕರುಣೆಯೆಂದು ತಿಳಿದು ಕಣ್ಣು ಒದ್ದೆ ಮಾಡಿಕೊಂಡಳು. ತಾನೇ ಕೂತು ನೋಡುತ್ತೇನೆಂದು ಸ್ಟೂಲನ್ನೇರಿ ಮಸಾಲೆದೋಸೆ ತರಿಸಿದಳು.

ದೋಸೆ ಮುಗಿಯಿತು. ನಿಶಾ ಏಳಲಿಲ್ಲ. ಎರಡೂ ಮೊಣಕೈಗಳನ್ನು ಟೇಬಲ್ಲಿಗೆ ಊರಿ ಚೆನ್ನಾಗಿ ನೆಲೆಯೂರಿದ್ದಳು.

“ಏಳುದೇ ಇಲ್ಲವಲ್ಲ!” ಗಲ್ಲಾದ ಹಿಂದೆ ರಾಜೀವಿಯಕ್ಕ ಮನೀಶ್‌ನ ಅಂಗಿ ಎಳೆದಳು. “ಸ್ಟೂಲು ಕೈ ಕೊಟ್ಟಿತಾ?”

“ಕೂತಿರ್ಲಿ ಅಕ್ಕ. ಕೂತಷ್ಟೂ ಒಳ್ಳೇದು.”

“ಎಂತ ಒಳ್ಳೇದು ನಿನ್ನ ತಲೆ! ಅವಳು ಕೂತ್ರೆ ಇವರ ಹೆಸರು ಮುಳುಗಿತು. ಏ ಐತ!”

ವೇಟರ್ ಐತ ಇಂಥ ಸನ್ನೆಗಳಲ್ಲಿ ಪಳಗಿದವನು. ಮೊದಲು ಬಡೇಸೋಪಿನ ತಟ್ಟೆಯಲ್ಲಿ ಬಿಲ್ಲು ತಂದಿಟ್ಟ. ನಿಶಾ ಬಡೇಸೋಪು ತಿಂದಳು. “ಔರ್ ಕುಛ್?” ಎಂದು ಕೇಳಿದ. ಬೇಡವೆಂದಳು. ಮತ್ತೆ ಬಂದು ಮತ್ತೆ ಕೇಳಿದ. ಕೊನೆಗೆ ಒದ್ದೆ ಬಟ್ಟೆ ತಂದು ಟೇಬಲ್ ಒರೆಸಲು ಶುರು ಮಾಡಿದ. ನಿಶಾ ಸಭ್ಯಸ್ಥೆ, ಬಟ್ಟೆಗೆ ದಾರಿ ಬಿಡಲು ಮೊಣಕೈ ಎತ್ತಿದಳು. ಎತ್ತಿದ್ದೇ ತಡ, ಮೆಲ್ಲಗೆ, ಬಹಳ ಗೌರವಯುತವಾಗಿ, ಮುಂದಕ್ಕೆ ಜಾರಿ ಎದ್ದು ನಿಂತಳು. ಅವಳ ಸೀರೆಯ ಸೆರಗು ಸ್ಟೂಲು ಬಿಡುವ ಮೊದಲೇ ಹಿಂದಿದ್ದ ಗಿರಾಕಿ ಕೂತು “ಏಕ್ ರೈಸ್ ಪ್ಲೇಟ್” ಎಂದ.

ಮನೀಶ್ ಕಣ್ಣು ಮುಚ್ಚಿಕೊಂಡ. ರಾಜೀವಿಯಕ್ಕ ಚಪ್ಪಾಳೆ ತಟ್ಟಿದಳು.

“ಕಂಡ್ಯಾ? ಕಂಡ್ಯಾ? ಈಗಲೂ ಹಾಗೇ ಉಂಟು!”

ನಿಶಾ ಕೂತವನನ್ನು ನೋಡಿದಳು, ಬಾಗಿಲ ತನಕ ನಿಂತವರನ್ನು ನೋಡಿದಳು. ಅವಳ ಮುಖಭಾವ ಬದಲಾಯಿತು.

“ಯೇ ಬೈಠ್‌ನೇ ಕೇ ಲಿಯೇ ನಹೀಂ ಹೈ,” ಎಂದಳು ನಿಧಾನವಾಗಿ. “ಅಗಲೇ ಆದ್ಮೀ ಕೋ ಜಗಹ್ ದೇನೇ ಕೇ ಲಿಯೇ ಹೈ.” ಕೂರುವುದಕ್ಕಲ್ಲ, ಮುಂದಿನವನಿಗೆ ಜಾಗ ಬಿಡುವುದಕ್ಕೆ.

“ವಹೀಚ್ ತೋ!” ಅದೇ ತಾನೇ ಎಂದು ರಾಜೀವಿಯಕ್ಕ ಗಲ್ಲಾ ಬಿಟ್ಟು ಬಂದು ಅವಳ ಕೈ ಹಿಡಿದಳು.

“ಈ ಊರಿನಲ್ಲಿ ನಿಂತವರ ಬಗ್ಗೆ ಯಾರು ಯೋಚಿಸುತ್ತಾರೆ?” ನಿಶಾ ಹಿಂದಿಯಲ್ಲೇ ಮನೀಶ್‌ನ ಕಡೆ ತಿರುಗಿದಳು. “ಹಳೆಯ ತೀರ್ಪುಗಾರರೂ ಇದನ್ನೇ ಗುರುತಿಸಿರಬೇಕಲ್ಲವೇ? ನೀವು ಓದಿದ್ದೀರಲ್ಲ?”

ಮನೀಶ್ ಬಾಯಿ ತೆರೆದ.

“ಓ ಭಾಯ್ಸಾಬ್, ಬಾಜೂ ಹಟೋ,” ಎಂದ ಸ್ಟೂಲಿನಲ್ಲಿದ್ದವನು. ಹಿಂದೆ ಐತ ಬಿಸಿ ಸಾಂಬಾರ್ ಹಿಡಿದು ನಿಂತಿದ್ದ. ಮನೀಶ್ ಪಕ್ಕಕ್ಕೆ ಸರಿದ. ಸಾಂಬಾರ್ ಹೋದ ಮೇಲೆ ಮಾತು ಬೇರೆಡೆಗೆ ಹೊರಳಿತ್ತು. ರಾಜೀವಿಯಕ್ಕ ಫಲಕದಲ್ಲಿ ಹೆಸರು ಎಷ್ಟು ದೊಡ್ಡದಾಗಿ ಬರೆಸುತ್ತೀರಿ ಎಂದು ಎರಡೂ ಕೈಯಗಲಿಸಿ ಕೇಳುತ್ತಿದ್ದಳು.

ಸ್ಟೂಲುಗಳಲ್ಲೊಂದು ಪ್ರದರ್ಶನಕ್ಕೆ ಹೋಯಿತು. ಪುಸ್ತಕದಲ್ಲಿ ಮನೀಶ್ ಎಲ್ಲ ವಸ್ತುಗಳಿಗೂ ಪ್ರಶಸ್ತಿ ಬಂದ ಕಾರಣವನ್ನು ಉದ್ದಕ್ಕೆ ಬರೆದ. ಈ ಸ್ಟೂಲಿಗೆ ಮಾತ್ರ ಹೆಸರು, ಊರು, ‘ಈಗಲೂ ಬಳಕೆಯಲ್ಲಿದೆ’ ಎಂಬ ಮಾತು. ಪುಸ್ತಕ ಕೊಡಲು ಹೋಟೆಲಿಗೆ ಹೋದ ದಿನ ರಾಜೀವಿಯಕ್ಕ ಗಂಡನ ಹೆಸರಿನ ಮೇಲೆ ಬೆರಳಾಡಿಸಿ, ಪುಟಕ್ಕೆ ಎಣ್ಣೆ ತಾಗೀತೆಂದು ತಟ್ಟನೆ ತೆಗೆದಳು.

“ಎಂತ ಯಾವಾಗ್ಲೂ ಬಾಯಿ ಹೊಲಿದ ಹಾಗೆ ಇರ್ತಿ?” ಎಂದಳು. “ಕೂತ್ಕೊ. ನೀನು ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊ.”

ಮನೀಶ್ ಕೂತ, ಜಾರಿದ, ಮತ್ತೆ ಕೂತ. ಜನ ಬಹಳ ಹೊತ್ತು ಕೂರಲಿ ಎಂದು ಮಾಡಿದ ಸ್ಟೂಲೆಂದೇ ಸರ್ಕಾರ ಪ್ರಶಸ್ತಿ ಕೊಟ್ಟಿತ್ತೆಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.