ಹರಳು ಕಟ್ಟುವ ಹೊತ್ತು

ಒಂದು ಮೇಣದಬತ್ತಿಯಿಂದ ಇನ್ನೊಂದನ್ನು ಹಚ್ಚುತ್ತ ಗೌತಮಿ ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು: ನನ್ನನ್ನು ಯಾರೂ ಮಾತಾಡು ಅನ್ನದಿರಲಿ. ಮಂಚೇನಹಳ್ಳಿಯ ಆ ಅಂಗಳದಲ್ಲಿ ಅವಳ ಕೆಮಿಸ್ಟ್ರಿ ಮೇಡಂ ಸಂಘಮಿತ್ರ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಹಿಂದಿನ ದಿನ ಎದೆಬಡಿತ ನಿಂತುಹೋಗಿತ್ತು. ಬುದ್ಧನ ತ್ರಿಶರಣ ಹೇಳಿ ಮುಗಿದ ಮೇಲೆ ಒಬ್ಬೊಬ್ಬರೂ ಬತ್ತಿ ಹಚ್ಚಿಟ್ಟು ಎರಡು ಮಾತಾಡುವುದು ಆ ಮನೆಯ ರೂಢಿ. ಎಂಎಸ್ಸಿಯ ಮೌಖಿಕ ಪರೀಕ್ಷೆಯಲ್ಲೇ ಬಾಯಿ ಬಿಡಲು ಒದ್ದಾಡಿದವಳು ಇಲ್ಲಿ ಏನು ಹೇಳಿಯಾಳು?

ಯೂನಿವರ್ಸಿಟಿ ವಿಭಾಗದ ಮುಖ್ಯಸ್ಥ ಮಧುಸೂದನ್, ಮೇಡಂ ಬರೆದ ಸಂಶೋಧನಾ ಪ್ರಬಂಧಗಳ ಹೆಸರು ಹೇಳಿ ಕೈಮುಗಿದರು.

"ಹೆಸರ ಮುಂದೆ ಡಾಕ್ಟರ್ ಅಂತ ಹಾಕ್ಕೊಂಡ್ಲು. ಒಂದಿನಾನೂ ನನ್ ಮಂಡಿನೋವಿಗೆ ಮಾತ್ರೆ ಬರ್ಕೊಡ್ಲಿಲ್ಲ ನೋಡು," ಎಂದು ಮೇಡಂ ಸೋದರತ್ತೆ ಆಂಜಿನಮ್ಮ ಅಳುತ್ತಲೇ ಮೂದಲಿಸಿದರು. ಯಾರೋ ನಕ್ಕರು.

ಮೇಡಂ ಅಪ್ಪ ಎರ್ರಪ್ಪ ನಗಲಿಲ್ಲ. "ಸಾರ್ ಹೇಳಿದ್ದು ದೊಡ್ಡ ಮಾತೇ. ನಂಗೆ ತಿಳೀಲಿಲ್ಲ. ಬೆಳಿಗ್ಗೆ ಬಸ್ ಹತ್ತಿದ್ರೆ ಕತ್ಲಾದ್ಮೇಲೆ ಬರೋಳು. ಅಲ್ಲಿ ನನ್ ಕೂಸು ಹೆಂಗಿದ್ಲು? ಅದೊಂದು ಹೇಳ್ರಪ್ಪ, ಕಳಿಸ್ಕೊಡ್ತೀನಿ."

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದವರ ಕೈ ನಿಂತಿತು.

*

ಎಂಎಸ್ಸಿ ಓದುವಾಗ ಒಂದು ಮಧ್ಯಾಹ್ನ, ಲ್ಯಾಬಿನಲ್ಲಿ ಗೌತಮಿಯ ಬೀಕರಿನಲ್ಲಿ ಹರಳು ಕಟ್ಟಿರಲಿಲ್ಲ. ಐಸಿನಲ್ಲಿಟ್ಟರೂ ದ್ರಾವಣ ತಿಳಿನೀರಿನಂತೆ ಸುಮ್ಮನಿತ್ತು. ಚೆಲ್ಲಿಬಿಡಲು ಸಿಂಕಿನತ್ತ ಹೊರಟವಳ ಮೊಣಕೈಯನ್ನು ಮೇಡಂ ಹಿಡಿದರು.

"ಏಯ್, ಅದ್ರಲ್ಲಿ ಎಲ್ಲಾ ಐತೆ ಕಣಮ್ಮ. ಹೊರಗೆ ಬರೋಕೆ ನಾಚ್ಕೆ, ನಿನ್ ಥರ." ಗಾಜಿನ ಕಡ್ಡಿ ಕೈಗಿಟ್ಟರು. "ಒಳಗಡೆ ಗೋಡೇನ ಮೆಲ್ಲಗೆ ಗೀರು."

ಗೀರಿದಲ್ಲಿ ಒಂದು ಬಿಳಿ ಎಳೆ ಮೂಡಿತು. ನೋಡನೋಡುತ್ತ ಸೂಜಿಯಂಥ ಹರಳುಗಳು ಬೀಕರ್ ತುಂಬ ಅರಳಿ ಇಳಿದವು. ಎಷ್ಟು ಬ್ಯಾಚುಗಳಿಗೆ ಇದನ್ನು ಮಾಡಿಸಿದ್ದರೋ! ಆದರೂ ಮೇಡಂ ಬೆಂಚಿನ ಮುಂದೆ ಮಂಡಿಯೂರಿ, ಬಾಯಿಗೆ ಸೆರಗೊತ್ತಿ, "ಅಬ್ಬಬ್ಬಾ... ಚೂಡವೇ, ನೋಡೇ!" ಎಂದು ತೆಲುಗಿಗೆ ಜಾರಿದ್ದರು. ಕಣ್ಣು ತುಂಬಿತ್ತು. ಪಕ್ಕದಲ್ಲಿ ತೆರೆದಿಟ್ಟ ಅವರ ಊಟದ ಡಬ್ಬಿ ಆರಿ ತಣ್ಣಗಾಗಿತ್ತು.

*

"ಎತ್ರಪ್ಪ, ಹೊತ್ತಾಯ್ತು," ಎಂದರು ಆಂಜಿನಮ್ಮ.

ನಾಲ್ವರು ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದರು. ಎರ್ರಪ್ಪ ಇನ್ನೂ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ಮೇಣ ಬೆರಳ ಮೇಲೆ ಇಳಿದಾಗಲೇ ಗೌತಮಿಗೆ ಎಚ್ಚರ. ಬತ್ತಿಯನ್ನು ಮೇಡಂ ಪಾದದ ಬಳಿ ನಿಲ್ಲಿಸಿ ಬಂದು ಎರ್ರಪ್ಪನವರ ಮುಂದೆ ಕೂತಳು. ಗಂಟಲೊಳಗೆ ಏನೋ ಗೀರಿದಂತಾಯಿತು.

"ತಾತ... ಗೌರಿಬಿದನೂರು ಸ್ಟೇಷನ್ನಲ್ಲಿ ಮೊದಲ್ನೇ ಸಲ ರೈಲು ನೋಡೋ ಕೂಸು ಇರ್ತದಲ್ಲ, ಮೇಡಂ ಅಲ್ಲಿ ಹಂಗಿದ್ರು. ದಿನಾ."