ಇಪ್ಪತ್ತು ಸೆಕೆಂಡು ತಡ

ಭಾನುವಾರ ಮಧ್ಯಾಹ್ನ ಮೊಬೈಲ್ ಮುಂದೆ ಕೂತು ಹಾರ್ಮೋನಿಯಂ ಲೈವ್ ನುಡಿಸುತ್ತೇನೆ. ಮೊದಲೇ ಏನನ್ನೂ ಯೋಚಿಸಿಕೊಳ್ಳುವುದಿಲ್ಲ, ಆ ಕ್ಷಣ ಕೈಗೆ ಬಂದದ್ದೇ ಸಂಗೀತ. ಅದು ಕೇಳುಗರನ್ನು ತಲುಪುವುದು ಇಪ್ಪತ್ತು ಸೆಕೆಂಡು ತಡವಾಗಿ. ತಪ್ಪದೆ ಕೇಳುವವಳು ಪಕ್ಕದ ಬೀದಿಯ ಅತ್ತಿಗೆ ಒಬ್ಬಳೇ. ಹೊಲಿಗೆ ಮಿಷನ್ ತುಳಿಯುತ್ತಲೇ ಕಾಮೆಂಟ್ ಹಾಕುತ್ತಾಳೆ. ಹೊಗಳಿದರೆ ಬಾಯಿ ಸವೆಯುತ್ತದೆ ಅವಳಿಗೆ.

ಇವತ್ತು, "ಮಧ್ಯದಲ್ಲಿ ಆ ಕೆಮ್ಮು ಬೇಕಿತ್ತಾ?" ಎಂದು ಬರೆದಳು. ನಾನು ಕೆಮ್ಮಿಯೇ ಇರಲಿಲ್ಲ. ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಕೆಮ್ಮು ಬಂತು.

"ಆ ಮೇಲಿನ ಸ್ವರ ಕಿವಿಗೆ ಚುಚ್ತು" ಎಂದಳು. ಹಟಕ್ಕೆ ಬಿದ್ದು ಕೆಳಗಿನ ಸ್ವರಗಳನ್ನೇ ಹಿಡಿದೆ. ಬೆವರಿಗೆ ಬೆರಳು ಜಾರಿ ಮೇಲಿನದೇ ಕಿರುಚಿತು.

ಆಮೇಲೆ ಬಂದದ್ದು: "ಯಾಕೋ ನಿಲ್ಸಿದೆ? ಪೆಟ್ಟಿಗೆ ಮೇಲೆ ಯಾಕೆ ತಲೆ ಇಟ್ಟೆ? ಏಳೋ."

ನಾನು ನಿಲ್ಲಿಸಲಿಲ್ಲ. ಎಡಗೈ ಮರಗಟ್ಟಿದರೂ ತಿದಿ ಒತ್ತುತ್ತಲೇ ಇದ್ದೆ. ಹತ್ತು ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ಕೊರಳಿಗೆ ಟೇಪು ನೇತುಹಾಕಿಕೊಂಡೇ ಓಡಿಬಂದಿದ್ದ ಅತ್ತಿಗೆ ಕಿಟಕಿಯ ಗಾಜಿಗೆ ಹಣೆ ಒತ್ತಿ ನನ್ನನ್ನೇ ನೋಡುತ್ತಿದ್ದಳು.

ನಾನು ಇನ್ನೂ ಜೋರಾಗಿ ನುಡಿಸಿದೆ.

"ಒಳಗೆ ಸದ್ದೇ ಇಲ್ಲ," ಎಂದಳು ಹಿಂದೆ ನಿಂತ ಅಣ್ಣನಿಗೆ. "ಬಾಗಿಲು ಒಡೀರಿ."